ಆಗುಂಬೆ ಘಾಟಿ ಇಳೀವಾಗ ಹಿಂದಿನ ಟ್ಯೂಬ್ ಢಮಾರ್, ಅದೂ ಎರಡ್ನೇ ಸಲ. ಯಾಕ್ ಹೀಗೆ?

ತುಂಗೆಪಕ್ಕದ_ಪೆಡಲು:
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗದವ್ನು, ರೋಡ್ ಬೈಕಿಗೆ, ಅಂದ್ರೆ ತೆಳು ಟೈರಿನ ಸೈಕಲ್ಲಿಗೆ ಹೊಸಬ, ಒಂದು ವರ್ಷ ಆಗಿರಬಹುದು ಅಷ್ಟೇ. ಭಾನುವಾರ ಬೆಳಿಗ್ಗೆ ಐದಕ್ಕೆ ಬಿಟ್ಟು ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತುಂಗೆ ಪಕ್ಕದಲ್ಲೇ ತೀರ್ಥಹಳ್ಳಿ, ಅಲ್ಲಿ ತಿಂಡಿ, ಆಮೇಲೆ ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಅಲ್ಲಿಂದ ಬಸ್ಸಲ್ಲಿ ವಾಪಸ್. ಇದು ನನ್ನ ಪ್ಲಾನು. ಆಗುಂಬೆ ತನಕ 90 ಚಿಲ್ಲರೆ ಕಿ.ಮೀ. ಏನೂ ತೊಂದ್ರೆ ಇಲ್ಲ, ಗಾಡಿ ಬೆಣ್ಣೆ ಥರ ಹೋಗುತ್ತೆ. ಘಾಟಿಯಲ್ಲಿ ಒಂಬತ್ತೋ ಹತ್ತೋ ತಿರುವು ದಾಟಿರ್ಬೇಕು, ಹಿಂದಿನ ಚಕ್ರದಿಂದ ಗರ್ನಾಲು ಹೊಡ್ದಂಗೆ ಸೌಂಡು, ಕಟ್ಟೆ ಮೇಲೆ ಕೂತಿದ್ದ ಮಂಗಗಳೆಲ್ಲ ಮರ ಹತ್ತಿಬಿಟ್ವು. ತಿರುವಿನಲ್ಲಿ ಆಗ್ಲಿಲ್ಲ, ಪುಣ್ಯ. ಹೋದ ತಿಂಗಳೂ ಇದೇ ಘಾಟಿ, ಇದೇ ಹಿಂದಿನ ಚಕ್ರ.

ಗಾಡಿ ಸೆಕೆಂಡ್ ಹ್ಯಾಂಡು, ಅಲ್ಯೂಮಿನಿಯಂ ರಿಮ್ಮು, ರಿಮ್ ಬ್ರೇಕು (ಪ್ಯಾಡು ರಿಮ್ಮಿಗೇ ಉಜ್ಜಿ ನಿಲ್ಸೋದು), 25 ಎಂಎಂ ಟೈರು, ಗಾಳಿ ಎರಡಕ್ಕೂ 120 ಪಿಎಸ್‌ಐ ಹಾಕ್ತೀನಿ. ನನ್ನ ತೂಕ 74 ಕೆಜಿ. ಅಂಗಡಿಯವ್ರು ಟ್ಯೂಬೇ ಸರಿ ಇಲ್ಲ ಅಂದ್ರು, ಹೊಸದು ಹಾಕಿಸ್ದೆ, ಅದೂ ಹೋಯ್ತು. ಫ್ರೆಂಡ್ ಒಬ್ಬ ಎತ್ತರದಿಂದ ಕೆಳಗೆ ಬರೋವಾಗ ಹೊರಗಿನ ಒತ್ತಡ ಬದಲಾಗಿ ಹೀಗಾಗುತ್ತೆ ಅಂತಾನೆ. ಹೌದಾ?

ಚೈನಿಗೆ_ಎಣ್ಣೆ:
ಆ ಟ್ಯೂಬ್ ಬಿಸಾಕ್ಬೇಡಿ, ಉತ್ತರ ಅದ್ರಲ್ಲೇ ಇದೆ. ಸ್ವಲ್ಪ ಗಾಳಿ ತುಂಬಿ ತೂತು ಎಲ್ಲಿದೆ ನೋಡಿ. ಹೊರಮೈಯಲ್ಲಿ, ಅಂದ್ರೆ ರಸ್ತೆ ಕಡೆ ಇದ್ರೆ ಗಾಜು, ಮುಳ್ಳು, ತಂತಿ ಚೂರು. ಹಾವು ಕಚ್ಚಿದಂಗೆ ಅಕ್ಕಪಕ್ಕ ಎರಡಿದ್ರೆ ಗಾಳಿ ಕಮ್ಮಿ ಇಟ್ಟು ಗುಂಡಿಗೆ ಹೊಡ್ದಿದ್ದೀರ ಅಂತ. ಒಳಮೈಯಲ್ಲಿ, ರಿಮ್ ಕಡೆ ಇದ್ರೆ ಕಥೆನೇ ಬೇರೆ. ಹಳೇ ಪ್ಯಾಚ್ ಏನಾದ್ರೂ ಇದೆಯಾ? ಬಿಸಿಗೆ ಪ್ಯಾಚ್ ಏಳೋದೂ ಉಂಟು. ಒಳಗೆ ರಿಮ್ ಟೇಪ್ ಯಾವ್ದು, ಪ್ಲಾಸ್ಟಿಕ್ಕಾ, ರಬ್ಬರಾ, ಬಟ್ಟೆದಾ?

ಕೋಡಿ_ಕಡ್ಲು:
ಹ್ವಾಯ್, ಆಗುಂಬೆಗೇ ಹೀಂಗಾರೆ ನಮ್ಮ ಹುಲಿಕಲ್ ಘಾಟಿಗೆ ಬನ್ನಿ ಮಾರಾಯ್ರೆ, ಅಲ್ಲಿ ಬಾಳೆಬರೆ ಇಳ್ದು ಹೊಸಂಗಡಿ ಮುಟ್ಟುವಷ್ಟರಲ್ಲಿ ಕೈ ಬೆರಳೇ ಸೋತು ಹೋತ್ತು. ತಮಾಷೆ ಇರ್ಲಿ. ನೀವು ಬ್ರೇಕ್ ಹೇಗೆ ಹಿಡಿತ್ರಿ? ಒಂದೇ ಸಮ ಹಿಡ್ಕೊಂಡೇ ಬರುದಾ, ಅಥವಾ ಹಿಡ್ದು ಬಿಟ್ಟು ಹಿಡ್ದು ಬಿಟ್ಟಾ?

ತುಂಗೆಪಕ್ಕದ_ಪೆಡಲು:
ಈಗ ನೋಡ್ದೆ. ಮೊನ್ನೆದು ಒಳಮೈಯಲ್ಲೇ ಹರ್ದಿದೆ, ಬೆರಳಗಲ ಸೀಳು. ಹೋದ ತಿಂಗಳದ್ದೂ ಮನೇಲೇ ಬಿದ್ದಿತ್ತು, ಅದ್ರಲ್ಲೂ ಒಳಗಡೆನೇ ಒಂದು ತೂತು, ಸುತ್ತ ರೌಂಡಾಗಿ ಗುರುತು ಬಿದ್ದಿದೆ. ಪ್ಯಾಚ್ ಯಾವ್ದರಲ್ಲೂ ಇಲ್ಲ. ಟೇಪ್ ಬಗ್ಗೆ ಗೊತ್ತಿಲ್ಲ, ಬಿಚ್ಚಿಲ್ಲ.

ಬ್ರೇಕ್ ಅಂದ್ರೆ, ನಾಚ್ಕೆ ಆಗುತ್ತೆ ಹೇಳೋಕೆ, ಹಿಂದಿಂದು ಮಾತ್ರ ಹಿಡ್ಕೊಂಡೇ ಬರ್ತೀನಿ, ಮೇಲಿಂದ ಕೆಳಗಿನ ತನಕ, 20ರ ಮೇಲೆ ಸ್ಪೀಡ್ ಹೋಗೋಕೆ ಬಿಡಲ್ಲ. ಮುಂದಿನ ಬ್ರೇಕ್ ಹಿಡಿದ್ರೆ ತಲೆಕೆಳಗಾಗಿ ಬೀಳ್ತಾರೆ ಅಂತ ಚಿಕ್ಕಂದಿನಿಂದ ಅಪ್ಪ ಹೆದರಿಸಿದ್ದು ಇನ್ನೂ ಹೋಗಿಲ್ಲ.

ಗುಡ್ಡದ_ಗಾಳಿ:
ಡಿಸ್ಕ್ ಬ್ರೇಕ್ ಗಾಡಿ ತಗೋರಿ ಸರ, ತಲಿನೋವ ಇರಂಗಿಲ್ಲ.

ಹಳೇ_ರಿಮ್‌ಬ್ರೇಕು:
ಗುಡ್ಡದ ಗಾಳಿಯವ್ರೇ, ಟ್ಯೂಬ್ ಹೋಗಿದ್ದಕ್ಕೆ ಗಾಡಿನೇ ಬದಲಿಸಿ ಅಂದ್ರೆ ಹೆಂಗೆ. ಅದೂ ಅಲ್ದೆ ಟೇಪ್ ಕೆಟ್ಟಿದ್ರೆ ಡಿಸ್ಕ್ ಗಾಡಿಯಲ್ಲೂ ಟ್ಯೂಬ್ ಹೋಗುತ್ತೆ, ಸ್ವಲ್ಪ ನಿಧಾನಕ್ಕೆ ಹೋಗುತ್ತೆ ಅಷ್ಟೇ.

ಪೆಡಲಣ್ಣ, ರೌಂಡ್ ಗುರುತು ಅಂದ್ರಲ್ಲ, ಅದು ಸ್ಪೋಕ್ ತೂತಿನ ಗುರುತು. ರಿಮ್ ಒಳಗೆ ಪ್ರತಿ ಸ್ಪೋಕಿಗೂ ಒಂದು ದೊಡ್ಡ ತೂತಿರುತ್ತೆ, ಅದರ ಮೇಲೆ ಟೇಪು, ಟೇಪ್ ಮೇಲೆ ಟ್ಯೂಬು. 120 ಪಿಎಸ್‌ಐ ಟ್ಯೂಬನ್ನ ಆ ತೂತಿನೊಳಗೆ ತಳ್ತಾನೇ ಇರುತ್ತೆ, ತಡೆಯೋದು ಟೇಪ್ ಒಂದೇ. ಅದು ತೆಳು ಪ್ಲಾಸ್ಟಿಕ್ ಆಗಿದ್ರೆ ರಿಮ್ ಬಿಸಿಯಾದಾಗ ಮೆತ್ತಗಾಗಿ ಒಳಗೆ ಕುಸಿಯುತ್ತೆ, ಅಂಚಿಗೆ ಸಿಕ್ಕಿ ಟ್ಯೂಬ್ ಸೀಳುತ್ತೆ. ಏರಿನಲ್ಲಿ, ತುಂಗೆ ಪಕ್ಕದ ರೋಡಲ್ಲಿ ಏನೂ ಆಗ್ದೇ ಘಾಟಿ ಇಳಿಯೋವಾಗ ಮಾತ್ರ ಹೋಗೋದು ಅದಕ್ಕೇ.

ಎಷ್ಟು ಬಿಸಿ ಅಂತ ಒಂದು ಲೆಕ್ಕ ಹಾಕಿ. ನೀವು, ಗಾಡಿ, ನೀರು, ಬ್ಯಾಗು ಸೇರಿ 87 ಕೆಜಿ ಅಂದ್ಕೊಳ್ಳಿ. ಆಗುಂಬೆ ಇರೋದು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಮೇಲೆ, ಘಾಟಿಯಲ್ಲಿ 500 ಮೀಟರ್ ಇಳೀತೀರ ಅಂತ ಇಟ್ಕೊಂಡ್ರೂ 4 ಲಕ್ಷ ಜೂಲ್ ಮೇಲಾಯ್ತು, ಅಂದ್ರೆ ಒಂದೂಕಾಲು ಲೀಟರ್ ತಣ್ಣೀರು ಕುದಿಸೋ ಅಷ್ಟು. ಇದೆಲ್ಲ ಎಲ್ಲೋ ಹೋಗ್ಬೇಕಲ್ಲ, ಒಂದಷ್ಟು ಎದುರುಗಾಳಿ ತಿನ್ನುತ್ತೆ, ಉಳಿದಿದ್ದು ಬ್ರೇಕಿಗೆ. ನೀವು 20ರಲ್ಲಿ ಬಂದ್ರೆ ಗಾಳಿ ತಿನ್ನೋದು ತುಂಬಾ ಕಮ್ಮಿ. ಸ್ಪೀಡ್ ಡಬಲ್ ಆದ್ರೆ ಗಾಳಿಯ ತಡೆ ನಾಲ್ಕು ಪಟ್ಟು ಆಗುತ್ತೆ. ಹಾಗಾಗಿ ಹೆದರಿ ನಿಧಾನ ಬರೋನ ರಿಮ್ಮೇ ಜಾಸ್ತಿ ಕಾಯೋದು, ಅದ್ರಲ್ಲೂ ನೀವು ಎರಡು ರಿಮ್ಮಿನ ಕೆಲಸ ಒಂದಕ್ಕೇ ಹೊರಿಸಿದ್ದೀರ.

ಬಿಸಿಗೆ ಒಳಗಿನ ಗಾಳಿನೂ ಹಿಗ್ಗುತ್ತೆ. 25 ಡಿಗ್ರಿಯಲ್ಲಿ 120 ಹಾಕಿದ್ದು 75 ಡಿಗ್ರಿಗೆ ಹೋದ್ರೆ 140 ದಾಟುತ್ತೆ. ನಿಮ್ಮ ಫ್ರೆಂಡ್ ಹೇಳಿದ್ದು ಮಾತ್ರ ಉಲ್ಟಾ. ಕೆಳಗಿಳಿದಂಗೆ ಹೊರಗಿನ ಒತ್ತಡ ಜಾಸ್ತಿ ಆಗೋದು, ಟ್ಯೂಬಿಗೆ ಅದು ಒಳ್ಳೇದೇ, ಅದೂ ಒಟ್ಟು ಒಂದು ಪಿಎಸ್‌ಐ ಲೆಕ್ಕ. ಫ್ರೆಂಡಿಗೆ ಕಾಫಿ ಕೊಡಿಸಿ ಸುಮ್ನಾಗ್ಸಿ.

ಟೇಪ್ ಬಿಚ್ಚಿ ನೋಡಿ. ಬಟ್ಟೆ ಟೇಪ್ ಸಿಗುತ್ತೆ, ಹಿಂದೆ ಅಂಟು ಇರೋದು, ಅದು ಹಾಕಿ. ಗಾಳಿ ಹಿಂದೆ 90, ಮುಂದೆ 80-85 ಸಾಕು ನಿಮ್ಮ ತೂಕಕ್ಕೆ. ಫ್ರೇಮಲ್ಲಿ ಜಾಗ ಇದ್ರೆ ಮುಂದಿನ ಸಲ 28 ಟೈರ್ ಹಾಕ್ಸಿ, ಗಾಳಿ ಇನ್ನೂ ಕಮ್ಮಿ ಸಾಕಾಗುತ್ತೆ.

ಕೋಡಿ_ಕಡ್ಲು:
ಬ್ರೇಕಿಂದು ನಾನು ಹೇಳ್ತೆ. ನೇರ ಇದ್ದಲ್ಲಿ ಬಿಡಿ, ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗ್ಲೇ ಎರಡೂ ಬ್ರೇಕ್ ಒಟ್ಟಿಗೆ ಗಟ್ಟಿ ಹಿಡಿದು ಸ್ಪೀಡ್ ಇಳ್ಸಿ, ಮತ್ತೆ ಬಿಟ್ಟು ತಿರುಗಿ. ಬಿಟ್ಟ ಹೊತ್ತಲ್ಲಿ ರಿಮ್ಮಿಗೆ ಗಾಳಿ ತಾಗಿ ತಣೀತದೆ. ಮುಂದಿನ ಬ್ರೇಕಿಗೆ ಹೆದರ್ಬೇಡಿ, ಸೊಂಟ ಹಿಂದೆ ತಳ್ಳಿ, ಕೈ ಕೆಳಗಿನ ಡ್ರಾಪಲ್ಲಿ, ಅಂದ್ರೆ ಹ್ಯಾಂಡಲ್ ಕೆಳಗೆ ಬಾಗಿದಲ್ಲಿ ಇರ್ಲಿ, ಲಿವರ್ ಮೆಲ್ಲ ಒತ್ತಿ, ಒಂದೇ ಸಲ ಕಚ್ಚಬೇಡಿ ಅಷ್ಟೇ. ಮೊದ್ಲು ಬಯಲಲ್ಲಿ ಪ್ರ್ಯಾಕ್ಟೀಸ್ ಮಾಡಿ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು ಉಂಟು, ಹೆಚ್ಚಿನದ್ರಲ್ಲಿ ಎದುರಿಂದ ಬರೋ ಬಸ್ಸಿಗೆ ಪೂರ್ತಿ ರಸ್ತೆ ಬೇಕು, ನಿಮ್ಮ ಎಡ ಬಿಟ್ಟು ಹೊರಗೆ ಹೋಗ್ಬೇಡಿ. ಮಳೆಗಾಲದಲ್ಲಿ ಆ ಕಡೆ ಸೈಕಲ್ ತಗೊಂಡು ಹೋಗುದೇ ಬೇಡ, ಪಾಚಿ, ಎಲೆ, ಮಂಜು, ಒದ್ದೆ ರಿಮ್ಮಿಗೆ ಬ್ರೇಕ್ ಹಿಡಿಯೋ ಮೊದ್ಲೇ ತಿರುವು ಬಂದಿರ್ತದೆ.

ತುಂಗೆಪಕ್ಕದ_ಪೆಡಲು:
ಟೇಪ್ ಬಿಚ್ದೆ. ಅಯ್ಯೋ ದೇವ್ರೇ. ನೀಲಿ ಪ್ಲಾಸ್ಟಿಕ್ಕು, ಪ್ರತಿ ಸ್ಪೋಕಿನ ಜಾಗದಲ್ಲೂ ಗುಳಿ, ಪಡ್ಡು ಹಂಚು ನೋಡ್ದಂಗಿದೆ. ಎರಡು ಕಡೆ ಟೇಪ್ ಪಕ್ಕಕ್ಕೆ ಸರಿದು ತೂತಿನ ಅಂಚು ಬರಿಗಣ್ಣಿಗೇ ಕಾಣ್ತಿದೆ, ಬೆರಳಾಡಿಸಿದ್ರೆ ಚುಚ್ಚುತ್ತೆ. ಮುಂದಿನ ಚಕ್ರದ್ದೂ ಅದೇ ಟೇಪು, ಗುಳಿ ಸ್ವಲ್ಪ ಕಮ್ಮಿ. ಇದನ್ನ ಹೊತ್ಕೊಂಡು ಘಾಟಿ ಇಳಿದಿದ್ದೀನಾ ನಾನು. ಬಟ್ಟೆ ಟೇಪ್ ಎಷ್ಟು ಅಗಲದ್ದು ತಗೋಬೇಕು?

ಚೈನಿಗೆ_ಎಣ್ಣೆ:
ರಿಮ್ ಒಳಗಿನ ಅಗಲ ಅಳೀರಿ. ತೂತು ಪೂರ್ತಿ ಮುಚ್ಚಿ ಎರಡೂ ಕಡೆ ಒಂದಿಷ್ಟು ಹೆಚ್ಚಿಗೆ ಬರ್ಬೇಕು, ಆದ್ರೆ ಟೈರಿನ ಅಂಚು ಕೂರೋ ಜಾಗಕ್ಕೆ ಹತ್ತಬಾರ್ದು, ಹತ್ತಿದ್ರೆ ಟೈರ್ ಸರಿಯಾಗಿ ಕೂರಲ್ಲ. ಅಂಟಿಸೋ ಮೊದ್ಲು ತೂತಿನ ಅಂಚಿಗೆ ಸಣ್ಣ ಮರಳು ಕಾಗದ ಉಜ್ಜಿ, ಸ್ಪಿರಿಟ್ ಹಾಕಿ ಒರೆಸಿ. ವಾಲ್ವ್ ತೂತಿನಿಂದ ಶುರು ಮಾಡಿ ಎಳೆದು ಬಿಗಿಯಾಗಿ ಅಂಟಿಸಿ. ಎರಡೂ ಚಕ್ರಕ್ಕೂ ಮಾಡಿ, ಮುಂದಿನ ಟ್ಯೂಬ್ ಘಾಟಿಯಲ್ಲಿ ಹೋದ್ರೆ ಹಿಂದಿಂದರ ಥರ ಅಲ್ಲ, ಹ್ಯಾಂಡಲ್ ಕೈಗೇ ಸಿಗಲ್ಲ.

ತುಂಗೆಪಕ್ಕದ_ಪೆಡಲು:
ಮೂರು ವಾರ ಆದ್ಮೇಲೆ ಬರೀತಿದ್ದೀನಿ, ಲೇಟಾಗಿದ್ದಕ್ಕೆ ಕ್ಷಮಿಸಿ. ಎರಡೂ ಚಕ್ರಕ್ಕೆ ಬಟ್ಟೆ ಟೇಪ್ ಹಾಕ್ದೆ, ಗಾಳಿ ಹಿಂದೆ 90, ಮುಂದೆ 82. ಮೊದ್ಲ ವಾರ ಇಲ್ಲೇ ಮೈದಾನದಲ್ಲಿ ಮುಂದಿನ ಬ್ರೇಕ್ ಪ್ರ್ಯಾಕ್ಟೀಸು, ಹುಡುಗ್ರು ನಿಂತು ನಗ್ತಿದ್ರು, ನಗ್ಲಿ ಬಿಡಿ. ಮೊನ್ನೆ ಘಾಟಿ ಇಳಿದೆ. ಮಧ್ಯ ಎರಡು ಕಡೆ ಅಗಲ ಇದ್ದಲ್ಲಿ ನಿಂತು ನೀರು ಕುಡಿದೆ, ರಿಮ್ಮಿನ ಹತ್ರ ಕೈ ತಂದು ನೋಡಿದ್ರೆ ಬೆಚ್ಚಗಿತ್ತು ಅಷ್ಟೇ, ಸೋಮೇಶ್ವರ ಮುಟ್ಟಿದಾಗ್ಲೂ ಬೆರಳಿಟ್ರೆ ತಡ್ಕೊಳೋ ಅಷ್ಟೇ ಬಿಸಿ. ಟ್ಯೂಬಿಗೆ ಏನೂ ಆಗಿಲ್ಲ. ಹೆಬ್ರಿಯಲ್ಲಿ ನೀರುದೋಸೆ ಐದೋ ಆರೋ ತಿಂದೆ, ಲೆಕ್ಕ ಇಡ್ಲಿಲ್ಲ. ಎಲ್ರಿಗೂ ತುಂಬಾ ಥ್ಯಾಂಕ್ಸ್.

ಒಂದೇ ಒಂದು ಉಳ್ಕೊಂಡಿದೆ. ಇಷ್ಟು ದಿನ ಮುಟ್ಟದೇ ಇದ್ದ ಮುಂದಿನ ಬ್ರೇಕು ಈಗ ಹಿಡಿದಾಗೆಲ್ಲ ಕೀಂಯ್ ಅಂತ ಕಿರುಚುತ್ತೆ. ತಿರುವಿನಲ್ಲಿ ಹಾರ್ನ್ ಬದಲಿಗೆ ಆಗುತ್ತೆ, ಆದ್ರೂ.

ಹಳೇ_ರಿಮ್‌ಬ್ರೇಕು:
ಪ್ಯಾಡಿನ ಮುಂಭಾಗ ರಿಮ್ಮಿಗೆ ಮೊದ್ಲು ತಾಗಬೇಕು, ಹಿಂಭಾಗ ಆಮೇಲೆ. ಪ್ಯಾಡಿನ ಹಿಂಬದಿಗೆ ಒಂದು ವಿಸಿಟಿಂಗ್ ಕಾರ್ಡ್ ಮಡಚಿ ಇಟ್ಟು, ಲಿವರ್ ಒತ್ತಿ ಹಿಡಿದು ಬೋಲ್ಟ್ ಬಿಗಿ ಮಾಡಿ, ಕಾರ್ಡ್ ತೆಗೀರಿ. ಪ್ಯಾಡಲ್ಲಿ ಹೊಳೆಯೋ ಲೋಹದ ಚೂರು ಕಚ್ಕೊಂಡಿದ್ರೆ ಸೂಜಿಯಲ್ಲಿ ಕಿತ್ತು, ಮರಳು ಕಾಗದದಲ್ಲಿ ಮೇಲ್ಮೈ ಉಜ್ಜಿ. ಆಮೇಲೂ ಕಿರುಚಿದ್ರೆ ಹೇಳಿ.