ಸ್ಮಾರ್ಟ್‌ವಾಚ್ ಕಟ್ಟಿದ ಕೈಗೆ ಕೆರೆತ, ಗುಳ್ಳೆ: ಮಳೆಗಾಲದ್ದಾ, ಅಲರ್ಜಿನಾ?

ತುಂಗೆದಡ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ವಾಚ್ ಕಟ್ಟುವ ಎಡಗೈಯಲ್ಲಿ ವಿಪರೀತ ಕೆರೆತ. ಮೊದಲು ಕೆಂಪಗಾಯಿತು, ಆಮೇಲೆ ಸಣ್ಣ ಸಣ್ಣ ನೀರುಗುಳ್ಳೆ, ಈಗ ಸಿಪ್ಪೆ ಏಳುತ್ತಿದೆ. ಹೋದ ವರ್ಷದಿಂದ ಇದೇ ವಾಚ್, ಇದೇ ಸಿಲಿಕೋನ್ ಬೆಲ್ಟ್. ಬೇಸಿಗೆಯಲ್ಲೂ ಏನೂ ಆಗಿರಲಿಲ್ಲ, ಮಳೆ ಹಿಡಿದ ಮೇಲೆ ಶುರುವಾಗಿದೆ. ಶುಗರ್ ಗಡಿಯಲ್ಲಿದೆ ಅಂತ ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆ, ಅದರ ಲೆಕ್ಕ ಇಡುವುದು ಈ ವಾಚೇ, ಹಾಗಾಗಿ ಪೂರ್ತಿ ಬಿಡಲು ಮನಸ್ಸಿಲ್ಲ. ಹಿಂದೆ ಉರಿಯುವ ಹಸಿರು ಲೈಟಿನಿಂದ ಚರ್ಮ ಸುಡುತ್ತದೆ ಅಂತ ನಮ್ಮ ಶಾಲೆಯಲ್ಲಿ ಒಬ್ಬರು ಹೇಳಿದರು, ನಿಜವಾ? ಅತ್ತೆ ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಾರೆ. ಮೆಡಿಕಲ್‌ನವರು ಒಂದು ಟ್ಯೂಬ್ ಕೊಟ್ಟಿದ್ದಾರೆ, ಇನ್ನೂ ಹಚ್ಚಿಲ್ಲ. ಗೊತ್ತಿದ್ದವರು ಹೇಳಿ.

ಅಡಿಕೆತೋಟ (ಹೊಸನಗರ)

ಅಕ್ಕಾ, ನಮ್ಮ ಕಡೆ ಜುಲೈ ಆಗಸ್ಟಲ್ಲಿ ಇದು ಸುಮಾರು ಜನಕ್ಕೆ ಆಗುತ್ತದೆ. ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಬೆಲ್ಟಿನ ಅಡಿ ಎಲ್ಲಿ ಒಣಗಬೇಕು? ಸಿಲಿಕೋನ್ ನೀರು ಹೀರುವುದಿಲ್ಲ, ಗಾಳಿಯನ್ನೂ ಬಿಡುವುದಿಲ್ಲ. ಬೆವರು, ಮಳೆ ನೀರು, ಕೈ ತೊಳೆದ ಸೋಪು ಎಲ್ಲ ಅಲ್ಲೇ ನಿಂತು ಚರ್ಮ ಮೆತ್ತಗಾಗುತ್ತದೆ. ಮೇಲಿಂದ ಬೆಲ್ಟ್ ಉಜ್ಜಿದರೆ ಸಿಪ್ಪೆ ಏಳದೆ ಇನ್ನೇನು? ತೋಟದ ಕೆಲಸದವರಿಗೆ ಇದರ ಜೊತೆಗೆ ಇನ್ನೊಂದಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ವಾಚ್ ಕೈಯಲ್ಲೇ ಇದ್ದರೆ ಮೈಲುತುತ್ತ ಸುಣ್ಣದ ನೀರು ಬೆಲ್ಟಿನ ಅಡಿ ಸೇರಿಕೊಂಡು ಸಂಜೆಯವರೆಗೂ ಅಲ್ಲೇ ಇರುತ್ತದೆ, ಅದು ಕೆಟ್ಟ ಉರಿ. ಉಣ್ಣಿಗೆ ಅಂತ ಕಾಡಿಗೆ ಹೋಗುವ ಮುಂಚೆ ಹಚ್ಚುವ ಎಣ್ಣೆಯೂ ಹಾಗೆಯೇ. ಅಂಥ ಕೆಲಸಕ್ಕೆ ವಾಚ್ ಮನೆಯಲ್ಲೇ ಇಡಬೇಕು. ನೀವು ಸದ್ಯ ಬಿಚ್ಚಿಡಿ, ಚರ್ಮ ಪೂರ್ತಿ ಮಾಗಲಿ. ಆಮೇಲೆ ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿ, ರಾತ್ರಿ ತೆಗೆಯಿರಿ, ಕೈ ಬದಲಿಸುತ್ತಿರಿ.

ಫಾರ್ಮಸಿ_ಓದಿದವಳು (ಶಿವಮೊಗ್ಗ)

ಮೇಲಿನವರು ಹೇಳಿದ್ದು ಸರಿ, ಆದರೆ ಮಳೆಗಾಲ ಅಂತ ಅಷ್ಟಕ್ಕೇ ಬಿಡಬೇಡಿ. ಮೊದಲು ಟ್ಯೂಬಿನ ವಿಷಯ. ಅದರ ಮೇಲೆ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್ ಅಂತ ಏನಾದರೂ ಇದ್ದರೆ ಡಾಕ್ಟರಿಗೆ ತೋರಿಸದೆ ಹಚ್ಚಲೇಬೇಡಿ. ಅವು ಸ್ಟೀರಾಯ್ಡ್. ಚೀಟಿ ಇಲ್ಲದೆ ಇಂಥವನ್ನು ಕೊಡುವಂತಿಲ್ಲ ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಸ್ಟೀರಾಯ್ಡ್ ಕೆಟ್ಟದ್ದಲ್ಲ, ಅಲರ್ಜಿಗೆ ಡಾಕ್ಟರೇ ಬರೆದುಕೊಡುತ್ತಾರೆ. ಆದರೆ ನಿಮ್ಮದು ಹುಳಕಡ್ಡಿ ಆಗಿದ್ದರೆ? ಹಚ್ಚಿದ ಕೂಡಲೇ ಕೆರೆತ ನಿಲ್ಲುತ್ತದೆ, ವಾಸಿಯಾಯಿತು ಅನ್ನಿಸುತ್ತದೆ, ಒಳಗೊಳಗೇ ಫಂಗಸ್ ಹರಡುತ್ತದೆ. ಆಮೇಲೆ ನೋಡಿದ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ. ನಮ್ಮ ಮಲೆನಾಡಲ್ಲಿ ಹುಳಕಡ್ಡಿ ಮೊದಲೇ ಜಾಸ್ತಿ. ಈ ಟ್ಯೂಬುಗಳನ್ನು ಸುಮ್ನೆ ಕೊಟ್ಟು ಕಳಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಸಿರು ಲೈಟು ಸುಡುವುದಿಲ್ಲ. ರಕ್ತ ಹಸಿರು ಬೆಳಕನ್ನು ಹೀರುತ್ತದೆ, ಎಷ್ಟು ವಾಪಸ್ ಬಂತು ಅಂತ ನೋಡಿ ವಾಚ್ ನಾಡಿ ಎಣಿಸುತ್ತದೆ, ಅಷ್ಟೇ. ವಾಚೇ ಬಿಸಿಯಾಗುತ್ತಿದ್ದರೆ ಅದು ಬ್ಯಾಟರಿ ತೊಂದರೆ, ತಕ್ಷಣ ಬಿಚ್ಚಿ.

ಗುಳ್ಳೆ ಸರಿಯಾಗಿ ಎಲ್ಲಿದೆ ಹೇಳಿ. ವಾಚಿನ ಅಡಿಯಾ, ಬೆಲ್ಟಿನ ಸುತ್ತಲೂನಾ, ಅಥವಾ ಒಂದೇ ಕಡೆನಾ? ಅಂಚು ಉಬ್ಬಿ, ನಡುವೆ ತಿಳಿಯಾಗಿ, ಬಳೆಯ ಹಾಗೆ ಹರಡುತ್ತಿದೆಯಾ?

ತುಂಗೆದಡ (ತೀರ್ಥಹಳ್ಳಿ)

ಬಳೆ ಥರ ಇಲ್ಲ. ನೀವು ಕೇಳಿದ ಮೇಲೆ ಸರಿಯಾಗಿ ನೋಡಿದೆ. ವಾಚಿನ ಅಡಿ ಸ್ವಲ್ಪ ಕೆಂಪಿದೆ ಅಷ್ಟೇ. ಗುಳ್ಳೆ ಎಲ್ಲ ಇರುವುದು ಮಣಿಕಟ್ಟಿನ ಒಳಬದಿ, ಬಕಲ್ ಕೂರುವ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಆಕಾರ. ಇನ್ನೊಂದು ನೆನಪಾಯಿತು. ಜಾತ್ರೆಯಲ್ಲಿ ತೆಗೆದುಕೊಂಡ ಓಲೆ ಹಾಕಿದರೆ ನನ್ನ ಕಿವಿ ಸೋರುತ್ತದೆ. ಚಿನ್ನದ್ದಾದರೆ ಏನೂ ಇಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ರಸಾಯನ_ಮೇಷ್ಟ್ರು (ಸಾಗರ)

ಇದೆ ಮೇಡಂ, ತುಂಬಾ ಇದೆ. ಓಲೆಯ ಕಥೆ ಕೇಳಿದರೆ ನಿಕ್ಕಲ್ ಮೇಲೆಯೇ ಅನುಮಾನ. ಅಗ್ಗದ ಒಡವೆ, ಜೀನ್ಸ್ ಗುಂಡಿ, ಬಕಲ್ ಇವುಗಳಲ್ಲಿ ನಿಕ್ಕಲ್ ಇರುತ್ತದೆ. ಒಮ್ಮೆ ಮೈಗೆ ಅದು ಆಗದು ಅಂತ ಆದರೆ ಸಾಮಾನ್ಯವಾಗಿ ಜೀವನಪೂರ್ತಿ ಹಾಗೆಯೇ. ಹಾಕಿದ ತಕ್ಷಣ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಕೆರೆತ ಏಳುತ್ತದೆ, ಹಾಗಾಗಿ ಯಾವುದರಿಂದ ಅಂತ ಹೊಳೆಯುವುದೇ ಇಲ್ಲ. ಬೇಸಿಗೆಯಲ್ಲಿ ಯಾಕೆ ಬರಲಿಲ್ಲ ಅಂದರೆ, ನಿಕ್ಕಲ್ ಚರ್ಮಕ್ಕೆ ಇಳಿಯಬೇಕಾದರೆ ಲೋಹದಿಂದ ಕರಗಿ ಬರಬೇಕು. ಬೆವರು ಅದನ್ನು ಕರಗಿಸುತ್ತದೆ, ಮಳೆಗಾಲದಲ್ಲಿ ಆ ಪಸೆ ಆರುವುದೇ ಇಲ್ಲ. ನೆನೆದು ಬಿರಿದ ಚರ್ಮ ಅದನ್ನು ಸುಲಭವಾಗಿ ಒಳಗೆ ಬಿಡುತ್ತದೆ. ಅಂದರೆ ಹೊಸನಗರದವರು ಹೇಳಿದ ಕಾರಣ, ನಾನು ಹೇಳುವ ಕಾರಣ ಎರಡೂ ಒಟ್ಟಿಗೇ ಇರಬಹುದು.

ಇದೇನೂ ಅಪರೂಪವಲ್ಲ. 2014ರಲ್ಲಿ ಫಿಟ್‌ಬಿಟ್ ಕಂಪನಿ ಹೆಜ್ಜೆ ಎಣಿಸಲು ಕೈಗೆ ಕಟ್ಟುವ ತನ್ನ ಫೋರ್ಸ್ ಎಂಬ ಪಟ್ಟಿಯನ್ನು ಇಂಥದ್ದೇ ತೊಂದರೆಗೆ ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡಿತು. ಅಮೆರಿಕದಲ್ಲೇ ಸುಮಾರು 10 ಲಕ್ಷ ಪಟ್ಟಿಗಳು, 9,900ರಷ್ಟು ದೂರುಗಳು. ಸ್ಟೀಲಿನಲ್ಲಿದ್ದ ನಿಕ್ಕಲ್, ಅಂಟಿನಲ್ಲಿದ್ದ ಅಕ್ರಿಲೇಟ್‌ನಂಥ ವಸ್ತುಗಳ ಮೇಲೆ ಆಗ ಅನುಮಾನ ಬಂದಿತ್ತು.

ಬಕಲ್ ಪರೀಕ್ಷೆ ಕಷ್ಟವಿಲ್ಲ. ಪಿಯು ಕಾಲೇಜಿನ ಲ್ಯಾಬಲ್ಲಿ ಡೈಮೀಥೈಲ್ ಗ್ಲೈಆಕ್ಸಿಮ್ ಇರುತ್ತದೆ, ಲವಣ ಪರೀಕ್ಷೆಗೆ ನಾವು ಬಳಸುವುದು ಅದನ್ನೇ. ಹತ್ತಿಗೆ ಅದರ ಹನಿ, ಜೊತೆಗೆ ಅಮೋನಿಯಾ ಹನಿ ಹಾಕಿ ಬಕಲನ್ನು ಅರ್ಧ ನಿಮಿಷ ಉಜ್ಜಿದರೆ, ನಿಕ್ಕಲ್ ಬಿಡುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾಲೇಜಿನ ಲೆಕ್ಚರರ್ ಹತ್ತಿರ ಕೇಳಿ, ಅವರೇ ಮಾಡಿಕೊಡುತ್ತಾರೆ. ಬಣ್ಣ ಬರಲಿಲ್ಲ ಅಂತ ನಿಕ್ಕಲ್ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಬಂದರೆ ಮಾತ್ರ ಖಾತ್ರಿ.

ದಿನಾ_ಓಟ (ಭದ್ರಾವತಿ)

ಬಕಲಿಗೆ ನೇಲ್ ಪಾಲಿಶ್ ಬಳಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಬೇಗ ಸವೆಯುತ್ತದೆ, ನನ್ನ ಪ್ರಕಾರ ದಂಡ. ಅಂಟಿಸುವ ಪಟ್ಟಿ ಇರುವ ನೈಲಾನ್ ಬೆಲ್ಟ್ ಸಿಗುತ್ತದೆ, ಲೋಹವೇ ಇಲ್ಲದ್ದನ್ನು ನೋಡಿ ತೆಗೆದುಕೊಳ್ಳಿ. ನೈಲಾನ್ ಮಳೆಯಲ್ಲಿ ನೆನೆಯುತ್ತದೆ, ಎರಡು ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಆಗುತ್ತದೆ. ಅಲ್ಲಿಯವರೆಗೆ ಫೋನ್ ಜೇಬಲ್ಲಿಟ್ಟು ನಡೆಯಿರಿ, ಹೆಜ್ಜೆ ಅದೂ ಎಣಿಸುತ್ತದೆ.

ಫಾರ್ಮಸಿ_ಓದಿದವಳು (ಶಿವಮೊಗ್ಗ)

ಬೆಲ್ಟ್ ಬದಲಿಸಿ. ಆದರೂ ನೀರುಗುಳ್ಳೆ ಬಂದಿದೆ, ಶುಗರ್ ಬೇರೆ ಗಡಿಯಲ್ಲಿದೆ ಅನ್ನುತ್ತೀರಿ, ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿಯೇ ಬಿಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಯಾವುದರಿಂದ ಅಲರ್ಜಿ ಅಂತ ಪತ್ತೆ ಮಾಡುವ ಪ್ಯಾಚ್ ಟೆಸ್ಟ್ ಬೇಕಾ, ಎಲ್ಲಿ ಮಾಡಿಸಬೇಕು ಅಂತ ಅಲ್ಲೇ ಕೇಳಿ. ಅದರಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆಯುತ್ತಾರೆ, ಇನ್ನೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು. ತೀರ್ಥಹಳ್ಳಿಯಿಂದ ಓಡಾಡಬೇಕಲ್ವಾ, ಶಾಲೆಗೆ ರಜೆ ಇರುವಾಗ ಇಟ್ಟುಕೊಳ್ಳಿ. ಕೊಬ್ಬರಿ ಎಣ್ಣೆಯನ್ನು ಒಡೆದ ಗುಳ್ಳೆ ಮೇಲೆ ಬೇಡ, ಒಣಗಿ ಸಿಪ್ಪೆ ಏಳುವ ಜಾಗಕ್ಕೆ ತೆಳ್ಳಗೆ ಹಚ್ಚಬಹುದು, ಆದರೆ ಅದರ ಮೇಲೆ ವಾಚ್ ಕಟ್ಟಬೇಡಿ. ಕೀವಾದರೆ, ಕೆಂಪು ಮೇಲಕ್ಕೆ ಏರಿದರೆ, ಜ್ವರ ಬಂದರೆ ಕಾಯದೆ ಹೋಗಿ. ಹೋಗುವಾಗ ವಾಚ್, ಹಳೇ ಬೆಲ್ಟ್, ಆ ಟ್ಯೂಬ್ ಮೂರನ್ನೂ ತೆಗೆದುಕೊಂಡು ಹೋಗಿ.