ಸಹಾಯ ಬೇಕು: ಮಾರಿದ್ದು ಒಂದು ಲೆನ್ಸ್, ವಾಪಸ್ ಬರ್ತಿರೋದು ಇನ್ನೊಂದು

ಕಾರವಾರದಿಂದ ಬರೀತಿದ್ದೇನೆ. ನನ್ನ ಹಳೇ 50 ಎಂಎಂ ಕ್ಯಾಮೆರಾ ಲೆನ್ಸನ್ನು ಆನ್‌ಲೈನ್‌ನಲ್ಲಿ ಮಾರಿದೆ. ಹುಬ್ಬಳ್ಳಿಯವರೊಬ್ಬರು ಮೊದಲೇ ದುಡ್ಡು ಹಾಕಿ ಕೊರಿಯರ್‌ನಲ್ಲಿ ತರಿಸಿಕೊಂಡರು. ಈಗ "ಒಳಗೆ ಫಂಗಸ್ ಇದೆ, ದುಡ್ಡು ವಾಪಸ್ ಹಾಕಿ, ಇಲ್ಲಾಂದ್ರೆ ಕಂಪ್ಲೇಂಟ್ ಕೊಡ್ತೀನಿ" ಅಂತಿದ್ದಾರೆ.

ನಮ್ಮ ಕರಾವಳಿ ಮಳೆಗೆ ಲೆನ್ಸಿಗೆ ಫಂಗಸ್ ಹಿಡಿಯೋದು ಹೊಸದಲ್ಲ. ಅದಕ್ಕೇ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡ್ತಿದ್ದೆ. ಅವರು ಕಳಿಸಿದ ಫೋಟೋದಲ್ಲಿ ಗಾಜಿನ ಅಂಚಿಗೆ ಜೇಡರ ಬಲೆಯಂಥ ಬಿಳಿ ಎಳೆಗಳಿವೆ, ನಿಜ. ಆದರೆ ಸೀರಿಯಲ್ ನಂಬರೇ ಬೇರೆ! ನನ್ನ ಹತ್ತಿರ ಹಳೇ ಬಿಲ್ಲು, ಪ್ಯಾಕ್ ಮಾಡುವಾಗಿನ ವಿಡಿಯೋ ಎರಡೂ ಇವೆ. ನಂಬರ್ ಬಗ್ಗೆ ಕೇಳಿದರೆ ಉತ್ತರವಿಲ್ಲ.

ಇದೇ ಜಾಹೀರಾತಿಗೆ ಇನ್ನೊಬ್ಬ "ನೇವಿ ಬೇಸ್‌ನಲ್ಲಿದ್ದೇನೆ, ಹೊರಗೆ ಬರೋಕಾಗಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂದಿದ್ದ. ದುಡ್ಡು ಬರೋಕೆ ಪಿನ್ ಯಾಕಪ್ಪಾ ಅಂದಿದ್ದಕ್ಕೆ ನಾಪತ್ತೆ. ಇದು ಅದಕ್ಕಿಂತ ನಾಜೂಕಿನ ಆಟ.

ನನ್ನ ದುಡ್ಡೇನೂ ಹೋಗಿಲ್ಲ. ಹಾಗಿದ್ದರೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ದೂರು ತಗೊಳ್ತಾರಾ? ಅಥವಾ ಇಲ್ಲಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಟ್ಟಿಡಲಾ? ಗುಂಪಿನಲ್ಲಿ ವಕೀಲರಿದ್ದರೆ ದಯವಿಟ್ಟು ಹೇಳಿ. "ಕೊಟ್ಟು ಸುಮ್ನಿರು ಮಾರಾಯಾ" ಅನ್ನೋ ಸಲಹೆ ಮನೆಯಲ್ಲೇ ಸಿಕ್ಕಿದೆ, ಅದೊಂದು ಬೇಡ.