58 ಸಿಸಿ ಚೈನಾ ಮಿಷನ್‌ಗೆ ಕಂಪನಿ ಮಿಷನ್‌ನ ಪವರ್ ಬರುತ್ತಾ?

ಕೇಳಿದವರು, ಹೊಸನಗರ ಕಡೆಯ ಅಡಿಕೆ ಬೆಳೆಗಾರರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮರ ಕೊಯ್ಯುವ ಮಿಷನ್ ಎರಡಿವೆ. ಒಂದು ಸ್ಟಿಲ್ ಕಂಪನಿಯ ಎಂಎಸ್ 250, ಅಣ್ಣ ತಗೊಂಡಿದ್ದು. ಇನ್ನೊಂದು ನಾನು ಆನ್‌ಲೈನ್‌ನಲ್ಲಿ ತರಿಸಿದ 58 ಸಿಸಿ ಚೈನಾ ಮಿಷನ್, 22 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ). ಕೆಲಸ ಅಂದರೆ ಅಡಿಕೆ ಬೇಯಿಸುವ ಒಲೆಗೆ ಸೌದೆ ಮಾಡುವುದು, ಮಳೆಗಾಲದಲ್ಲಿ ತೋಟಕ್ಕೋ ದಾರಿಗೋ ಬಿದ್ದ ಮರ ತೆಗೆಯುವುದು. ಸ್ಟಿಲ್‌ನದ್ದು 45 ಸಿಸಿ. ಲೆಕ್ಕದ ಪ್ರಕಾರ ಚೈನಾದ್ದೇ ಜೋರಾಗಿ ಕೊಯ್ಯಬೇಕು, ಅಲ್ವಾ? ಆದರೆ ದಪ್ಪ ಅಕೇಶಿಯಾ ದಿಮ್ಮಿಗೆ ಇಟ್ಟರೆ ಅರ್ಧಕ್ಕೆ ಹೋಗಿ ನಿಂತುಬಿಡುತ್ತದೆ. ಸ್ಟಿಲ್ ಸಲೀಸಾಗಿ ಇಳಿಯುತ್ತದೆ. ಸೈಲೆನ್ಸರ್ ತೂತು ದೊಡ್ಡದು ಮಾಡಿದರೆ ಪವರ್ ಬರುತ್ತದೆ ಅಂತ ಒಬ್ಬರು ಹೇಳುತ್ತಾರೆ. ಹಾಗೆ ಮಾಡಿದರೆ ಎಂಜಿನ್ನೇ ಹೋಗುತ್ತದೆ ಅಂತ ಇನ್ನೊಬ್ಬರು. ಮಾಡಿ ನೋಡಿದವರು ಇದ್ದರೆ ಹೇಳಿ.

ತೀರ್ಥಹಳ್ಳಿ ಹತ್ತಿರದ ತೋಟದವರು:

ನಮ್ಮಲ್ಲೂ ಇದೇ ಜೋಡಿ ಇದೆ ಮಾರಾಯ್ರೆ, ಹಾಗಾಗಿ ಉದ್ದವಾಗಿ ಬರೆಯುತ್ತೇನೆ.

ಮೊದಲು ಆ 58 ಅನ್ನುವ ಅಂಕಿಯನ್ನು ಬಿಡಿ. ಈ ಮಿಷನ್‌ಗೆ ಬರುವ ಪಿಸ್ಟನ್ ಕಿಟ್ ಮೇಲೆ 45.2 ಮಿ.ಮೀ. ಅಂತ ಇರುತ್ತದೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 34 ಮಿ.ಮೀ. ಹಿಡಿಯಿರಿ. 45.2 ಅನ್ನು 45.2ರಿಂದ ಗುಣಿಸಿ, 0.785ರಿಂದ ಗುಣಿಸಿ, 34ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 54.5 ಬರುತ್ತದೆ. ಉಳಿದ ಮೂರೂವರೆ ಸಿಸಿ ಸ್ಟಿಕರ್‌ನಲ್ಲಿ ಮಾತ್ರ ಇದೆ. ಸ್ಟಿಲ್ 250 ಅಂದರೆ 45.4 ಸಿಸಿ, 2.3 ಕಿಲೋವ್ಯಾಟ್, ಸುಮಾರು 3.1 ಹೆಚ್‌ಪಿ. ಸಿಸಿ ಹೇಳುವುದು ಸಿಲಿಂಡರ್ ಒಳಗಿನ ಜಾಗ ಎಷ್ಟು ಅಂತ ಮಾತ್ರ. ಆ ಜಾಗಕ್ಕೆ ಗಾಳಿ, ಪೆಟ್ರೋಲ್ ಎಷ್ಟು ಚೆನ್ನಾಗಿ ಬಂದು, ಉರಿದು, ಹೊರಗೆ ಹೋಗುತ್ತದೆ ಅನ್ನುವುದರ ಮೇಲೆ ಪವರ್ ನಿಂತಿದೆ.

ಇನ್ನೊಂದು ಮಾತು, ಬೇಜಾರಾಗಬೇಡಿ. ನೀವು ಮಾಡಿದ ಹೋಲಿಕೆಯೇ ಸರಿಯಿಲ್ಲ. ಸ್ಟಿಲ್‌ಗೆ ಬಹುಶಃ 16 ಇಂಚಿನ ಬಾರ್ ಇದೆ. ಚೈನಾದ್ದಕ್ಕೆ 22. ಬಾರ್ ಉದ್ದವಾದಷ್ಟೂ ಚೈನ್ ಉದ್ದ, ಅದನ್ನು ಎಳೆಯುವುದಕ್ಕೇ ಪವರ್ ಖರ್ಚು. ಈ ಎಂಜಿನ್‌ಗೆ 22 ಇಂಚು ಅನ್ನುವುದು ಸುಮ್ನೆ ಜಾಹೀರಾತಿಗೆ ಹಾಕಿದ್ದು. ಪೆಟ್ಟಿಗೆಯಲ್ಲೇ ಬರುವ ಚೈನ್ ನೋಡಿದ್ದೀರಾ? ನಮ್ಮದರಲ್ಲಿ ಹಲ್ಲು ಒಂದೊಂದೂ ಒಂದೊಂದು ಕೋನದಲ್ಲಿತ್ತು. ಎರಡು ದಿಮ್ಮಿ ಕೊಯ್ಯುವಷ್ಟರಲ್ಲಿ ಮೊಂಡು.

ಎರಡೂ ಮಿಷನ್‌ನ ಚೈನ್ .325 ಇಂಚಿನ ಪಿಚ್ಚೇ, ಅಂದರೆ ಕೊಂಡಿಗಳ ಅಂತರ ಒಂದೇ. ಆದರೆ ಅದಲು ಬದಲು ಹಾಕಲು ಆಗುವುದಿಲ್ಲ. ಬಾರ್‌ನ ಸೀಳಿನಲ್ಲಿ ಕೂರುವ ಕೊಂಡಿಯ ದಪ್ಪಕ್ಕೆ ಗೇಜ್ ಅನ್ನುತ್ತಾರೆ; ಸ್ಟಿಲ್ ಚೈನ್‌ನ ಗೇಜ್ 1.6 ಮಿ.ಮೀ., ಚೈನಾದ್ದು 1.5. ಅದಕ್ಕೆ ಚೈನಾದ್ದಕ್ಕೆ 18 ಇಂಚಿನ ಬಾರ್, 72 ಕೊಂಡಿಯ ಒಳ್ಳೆ ಚೈನ್ ಬೇರೆಯೇ ತಂದೆವು. ಎರಡು ಚೈನ್‌ಗೂ 4.8 ಮಿ.ಮೀ. ಉರುಟು ಅರದಲ್ಲಿ ಒಬ್ಬನೇ ಕೂತು ಹಲ್ಲು ಮಸೆದೆ. ಹಲ್ಲಿನ ಮುಂದಿರುವ ರೇಕರ್ ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು, ಅದನ್ನೂ ಅಳತೆ ಪಟ್ಟಿ ಇಟ್ಟು ನೋಡಿದೆ. ಆಮೇಲೆ ಒಂದೇ ಹಲಸಿನ ದಿಮ್ಮಿ. ಒಂದು ಬಿಲ್ಲೆ ಇದರಲ್ಲಿ, ಪಕ್ಕದ ಬಿಲ್ಲೆ ಅದರಲ್ಲಿ. ದಿಮ್ಮಿ ಬುಡದ ಕಡೆ ದಪ್ಪ ಅಲ್ವಾ, ಒಂದರಲ್ಲಿ ಪೂರ್ತಿ ಕೊಯ್ದು ಆಮೇಲೆ ಇನ್ನೊಂದನ್ನು ಹಿಡಿದರೆ ಮೋಸ ಆಗುತ್ತದೆ. ಮಗಳು ಮೊಬೈಲ್‌ನಲ್ಲಿ ಟೈಮ್ ಹಿಡಿದಳು. ಮಿಷನ್ ಒತ್ತಬಾರದು, ಅದರ ಭಾರಕ್ಕೆ ಅದೇ ಇಳಿಯಬೇಕು. ಚೈನಾದ್ದು ಭಾರ ಜಾಸ್ತಿ, ಆ ಲಾಭ ಅದಕ್ಕೇ ಇರಲಿ ಅಂತ ಬಿಟ್ಟೆವು.

ಬಾರ್, ಚೈನ್ ಬದಲಾಯಿಸಿದ್ದರಲ್ಲೇ ಎರಡು ಮಿಷನ್ ನಡುವೆ ಮೊದಲಿದ್ದ ಟೈಮ್ ಅಂತರ ಅರ್ಧಕ್ಕೂ ಕೆಳಗೆ ಬಂತು. ಎಂಜಿನ್‌ಗೆ ಆಗ ಇನ್ನೂ ಸ್ಕ್ರೂಡ್ರೈವರ್ ಸೋಕಿಸಿರಲಿಲ್ಲ.

ಆಮೇಲೆ ಸೈಲೆನ್ಸರ್. ನಿಮ್ಮ ಚೈನಾದ್ದನ್ನು ಬಿಚ್ಚಿ ನೋಡಿ. ಸಿಲಿಂಡರ್‌ನಿಂದ ಹೊಗೆ ಬರುವ ಕಿಂಡಿ ಅಗಲವಾಗಿದೆ, ಸೈಲೆನ್ಸರ್‌ನಿಂದ ಹೊರಗೆ ಬೀಳುವ ತೂತು ಸಣ್ಣದು. ಮೂಗು ಹಿಡಿದುಕೊಂಡು ಆಗುಂಬೆ ಘಾಟಿ ಹತ್ತಿದ ಹಾಗೆ. ಹಳೆ ಹೊಗೆ ಜಾಗ ಬಿಡದಿದ್ದರೆ ಹೊಸ ಗಾಳಿ ಬರುವುದಾದರೂ ಎಲ್ಲಿಗೆ? ಹೊರ ತೂತುಗಳ ಒಟ್ಟು ವಿಸ್ತೀರ್ಣ ಸಿಲಿಂಡರ್ ಕಿಂಡಿಯ ವಿಸ್ತೀರ್ಣದ ಮುಕ್ಕಾಲು ಭಾಗದಷ್ಟಾದರೆ ಸಾಕು ಅನ್ನುವುದು ಈ ಕೆಲಸ ಮಾಡುವವರ ಲೆಕ್ಕ. ಅದಕ್ಕೂ ಮೀರಿ ಕೊರೆದರೆ ಶಬ್ದ ಮಾತ್ರ ಜಾಸ್ತಿ. ಸೈಲೆನ್ಸರ್ ಕಳಚಿ ಹೊರಗಿಟ್ಟುಕೊಂಡೇ ಕೊರೆಯಿರಿ. ಕಬ್ಬಿಣದ ಒಂದು ಚೂರು ಒಳಗೆ ಹೋದರೂ ಸಿಲಿಂಡರ್ ಗೀರುತ್ತದೆ. ಹೊಸ ತೂತಿನ ಬಿಸಿ ಪ್ಲಾಸ್ಟಿಕ್ ಕಡೆಗೂ ನಿಮ್ಮ ಕೈ ಕಡೆಗೂ ಬರಬಾರದು.

ಈಗ ನಿಮಗೆ ಸಲಹೆ ಕೊಟ್ಟ ಇಬ್ಬರ ವಿಚಾರ. ಇಬ್ಬರೂ ಸರಿ. ತೂತು ದೊಡ್ಡದಾದರೆ ಗಾಳಿ ಜಾಸ್ತಿ ಬರುತ್ತದೆ, ಕಾರ್ಬೊರೇಟರ್ ಮಾತ್ರ ಹಳೆ ಅಳತೆಗೇ ಪೆಟ್ರೋಲ್ ಕೊಡುತ್ತಿರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಎಣ್ಣೆಯೂ ಪೆಟ್ರೋಲ್ ಜೊತೆಗೇ ಬರುವುದು. ಪೆಟ್ರೋಲ್ ಕಡಿಮೆ ಬಿದ್ದರೆ ಬಿಸಿ ಜಾಸ್ತಿ, ಎಣ್ಣೆ ಕಡಿಮೆ. ಪಿಸ್ಟನ್ ಹಿಡಿದುಕೊಳ್ಳುವುದು ಹೀಗೇ. ಮೋಸ ಏನೆಂದರೆ, ಹಾಗೆ ಒಣಗಿ ಓಡುವಾಗ ಮಿಷನ್ ಕಿರುಚುತ್ತಾ ಬಹಳ ಚುರುಕಾಗಿದೆ ಅನ್ನಿಸುತ್ತದೆ. ಅದನ್ನು ಕೇಳಿ ಖುಷಿಪಟ್ಟವರ ಎಂಜಿನ್ ಹೋಗಿರುತ್ತದೆ.

ಹಾಗಾಗಿ ಸೈಲೆನ್ಸರ್ ಕೊರೆದ ದಿನವೇ ಕಾರ್ಬೊರೇಟರ್‌ನ ಎಚ್ ಸ್ಕ್ರೂ (ಜೋರಾಗಿ ಓಡುವಾಗ ಪೆಟ್ರೋಲ್ ಎಷ್ಟು ಬರಬೇಕು ಅಂತ ಹೊಂದಿಸುವುದು) ಸ್ವಲ್ಪ ಬಿಚ್ಚಬೇಕು. ಎಂಜಿನ್ ಬಿಸಿ ಮಾಡಿಕೊಳ್ಳಿ. ಮರಕ್ಕೆ ಇಡದೆ ಪೂರ್ತಿ ಆಕ್ಸಿಲರೇಟರ್ ಒಂದೆರಡು ಸೆಕೆಂಡ್ ಕೊಡಿ. ಶಬ್ದ ಸ್ವಲ್ಪ ತೊದಲಬೇಕು. ಮರಕ್ಕೆ ಇಟ್ಟ ಕೂಡಲೇ ತೊದಲು ಹೋಗಿ ಸಾಫ್ ಆಗಬೇಕು. ಖಾಲಿಯಲ್ಲೂ ಸಾಫಾಗಿ ಕಿರುಚಿದರೆ ಪೆಟ್ರೋಲ್ ಕಡಿಮೆ. ಮರದಲ್ಲೂ ತೊದಲಿದರೆ ಜಾಸ್ತಿ. ಒಂದು ಸಲಕ್ಕೆ ಸುತ್ತಿನ ಎಂಟರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸಬೇಡಿ.

ಇಷ್ಟಾದ ಮೇಲೆ ಅದೇ ದಿಮ್ಮಿಯಲ್ಲಿ ಚೈನಾದ್ದು ಸ್ಟಿಲ್‌ಗಿಂತ ಒಂದು ಕೈ ಮುಂದೆಯೇ ಇತ್ತು. ಸ್ಟಿಲ್‌ನ ಸೈಲೆನ್ಸರ್ ಮುಟ್ಟಲಿಲ್ಲ, ಅದು ವಾರಂಟಿಯಲ್ಲಿತ್ತು. ಮುಟ್ಟಿದ್ದರೆ ಅದೂ ಚುರುಕಾಗುತ್ತಿತ್ತು ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ.

ಸಾಗರದಲ್ಲಿ ರಿಪೇರಿ ಅಂಗಡಿ ಇಟ್ಟವರು:

ತೋಟದವರು ಬರೆದದ್ದನ್ನು ಒಪ್ಪುತ್ತೇನೆ. ಆದರೆ ಅವರು ಪವರ್ ಅಳೆದಿದ್ದಾರೆ, ಬಾಳಿಕೆ ಅಳೆದಿಲ್ಲ. ನನ್ನ ಟೇಬಲ್ ಮೇಲೆ ಬರುವುದು ಆ ಎರಡನೆಯದ್ದು.

ಚೈನಾ ಅಂತ ಒಂದೇ ಹೆಸರಲ್ಲಿ ಕರೆದರೂ ಅದರಲ್ಲಿ ಎರಡು ಜಾತಿ ಇದೆ. ಈ 52, 58 ಸಿಸಿ ಮಿಷನ್‌ಗಳ ಮೂಲ ಜಪಾನಿನ ಝೆನೋವಾ ಕಂಪನಿಯ ಹಳೆ ಡಿಸೈನ್. ಆ ಡಿಸೈನ್ ಗಟ್ಟಿಯದ್ದೇ. ಇನ್ನೊಂದು ಜಾತಿ ಅಂದರೆ ಹಸ್ಕ್ವಾರ್ನಾ 372, ಸ್ಟಿಲ್ 660 ಇವುಗಳ ಪಡಿಯಚ್ಚು. ಅದಕ್ಕೆ ಕಂಪನಿ ಬಿಡಿಭಾಗ ಕೂರುತ್ತದೆ, ಅದೊಂದು ದೊಡ್ಡ ಅನುಕೂಲ.

58ರಲ್ಲಿ ಹಾಳಾಗುವುದು ಎಂಜಿನ್‌ಗಿಂತ ಅದರ ಸುತ್ತ ಇರುವ ರಬ್ಬರ್. ಪೆಟ್ರೋಲ್ ಪೈಪ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಸಡಿಲವಾಗುತ್ತದೆ. ಅಲ್ಲಿಂದ ಹೊರಗಾಳಿ ನುಗ್ಗಿದರೆ ನೀವು ಸ್ಕ್ರೂ ಎಷ್ಟು ಚೆನ್ನಾಗಿ ತಿರುಗಿಸಿದ್ದರೂ ವ್ಯರ್ಥ. ಐಡಲ್‌ನಲ್ಲಿ ಬಿಟ್ಟು ಮಿಷನ್ ಅನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ. ವಾಲಿಸಿದಾಗ ಶಬ್ದ ಏರಿದರೆ ಎಲ್ಲೋ ಗಾಳಿ ಸೋರುತ್ತಿರಬಹುದು, ಮೊದಲು ಅದನ್ನು ಹುಡುಕಿ. ಸೈಲೆನ್ಸರ್ ಕೊರೆಯುವ ಕೆಲಸ ಇದಾದ ಮೇಲಿನದ್ದು. ಸೈಲೆನ್ಸರ್ ಬೋಲ್ಟ್ ಕೂಡ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ, ಆಗಾಗ ಬಿಗಿ ಮಾಡಿ.

ವಿಡಿಯೋ ನೋಡಿ ಸಿಲಿಂಡರ್ ಅಡಿಯ ಗ್ಯಾಸ್ಕೆಟ್ ತೆಗೆದು ಕಂಪ್ರೆಶನ್ ಏರಿಸುವವರಿದ್ದಾರೆ. 58ರಲ್ಲಿ ಅದು ಆಗುತ್ತದೆ, ಸಿಲಿಂಡರ್ ಬೇರೆಯಾಗಿ ಕೂರುವ ಎಂಜಿನ್ ಅದು. ಆದರೆ ಪಿಸ್ಟನ್ ತಲೆಗೂ ಸಿಲಿಂಡರ್‌ಗೂ ನಡುವೆ ಅರ್ಧ ಮಿ.ಮೀ. ಉಳಿಯಲೇಬೇಕು. ಪ್ಲಗ್ ತೂತಿನಿಂದ ಮೆತ್ತಗಿನ ಬೆಸುಗೆ ತಂತಿ ತೂರಿಸಿ, ಗೋಡೆಗೆ ತಾಗಿಸಿ, ಹಗ್ಗ ಎಳೆದು, ಚಪ್ಪಟೆಯಾದ ತುದಿಯನ್ನು ಅಳೆಯಬೇಕು. ಚೈನಾ ಮಿಷನ್‌ನಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಬರುವುದಿಲ್ಲ. ಸ್ಟಿಲ್ 250ಕ್ಕೆ ಆ ಗ್ಯಾಸ್ಕೆಟ್ಟೇ ಇಲ್ಲ, ಕೆಳಗಿನ ಭಾಗ ಸೀಲೆಂಟ್‌ನಲ್ಲಿ ಅಂಟಿಸಿದ್ದು. ಮನೆ ಸೌದೆಗೆ ಇದೆಲ್ಲ ಯಾಕೆ ಬೇಕು ಅಂತ ನನ್ನ ಪ್ರಶ್ನೆ. ಫ್ಲೈವೀಲ್ ಕೀ ಉಜ್ಜಿ ಪ್ಲಗ್ ಕಿಡಿಯ ಟೈಮಿಂಗ್ ಮುಂದೆ ಮಾಡುವುದೂ ಅಷ್ಟೇ. ಹಗ್ಗ ಎಳೆದಾಗ ಕೈಗೆ ಹಿಂದಕ್ಕೆ ಹೊಡೆಯುತ್ತದೆ.

ಸೈಲೆನ್ಸರ್ ಬಾಯಿಯಲ್ಲಿ ಸಣ್ಣ ಜಾಲರಿ ಇದ್ದರೆ ಅದನ್ನು ಎಸೆಯಬೇಡಿ. ಕಿಡಿ ತಡೆಯುವುದು ಅದೇ. ಫೆಬ್ರವರಿ ಮೇಲೆ ಸೊಪ್ಪಿನಬೆಟ್ಟದ ತರಗೆಲೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಮಸಿ ಕಟ್ಟಿದ್ದರೆ ಬ್ರಷ್‌ನಲ್ಲಿ ತಿಕ್ಕಿ ಮತ್ತೆ ಹಾಕಿ. ಪವರ್ ಕಡಿಮೆ ಅಂತ ಬರುವ ಮಿಷನ್‌ಗಳಲ್ಲಿ ಎಷ್ಟೋ ಸಲ ಆ ಮಸಿಯೇ ಕಾರಣ.

ಶೃಂಗೇರಿ ಕಡೆ ಮರ ಕೊಯ್ಯುವ ಕಾಂಟ್ರಾಕ್ಟ್‌ನವರು:

ನಾನು ದಿನಾ ಇದರಲ್ಲೇ ಇರುವವನು. ದಿನವಿಡೀ ಓಡಿಸುವವನಿಗೆ ಕಂಪನಿದೇ ಬೇಕು. ಅಲುಗಾಟ ಕಡಿಮೆ, ಸಂಜೆ ಕೈ ಮರಗಟ್ಟುವುದಿಲ್ಲ. ಎಸ್ಟೇಟ್‌ನ ಸಿಲ್ವರ್ ಓಕ್ ಕೊಯ್ಯಲು 372ರ ಚೈನಾ ಪಡಿಯಚ್ಚು ಒಂದು ಇಟ್ಟುಕೊಂಡಿದ್ದೇನೆ, ಅದಕ್ಕೆ ಕಂಪನಿ ಕಾರ್ಬೊರೇಟರ್ ಹಾಕಿದೆ. ಈಗ ಬೆಳಿಗ್ಗೆ ಹಗ್ಗ ಎಳೆಯುವ ರಗಳೆ ಇಲ್ಲ. ಪವರ್‌ನಲ್ಲಿ ಕಂಪನಿದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ.

ಪವರ್ ಏರಿಸುವ ಮುನ್ನ ಚೈನಾದ್ದರ ಬ್ರೇಕ್ ನೋಡಿ ಅಣ್ಣ. ಮಿಷನ್ ಓಡುವಾಗ ಮುಂದಿನ ಗಾರ್ಡ್ ತಳ್ಳಿದರೆ ಚೈನ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ಮಿಷನ್ ಹಿಡಿಯಬೇಡಿ. ಬಾರ್ ತುದಿ ಏನಕ್ಕಾದರೂ ತಾಗಿದರೆ ಮುಖಕ್ಕೆ ಹಾರುತ್ತದೆ, ಜೋರು ಮಿಷನ್ ಆದರೆ ಇನ್ನೂ ಜೋರಾಗಿ. ದಾರಿಗೆ ಬಿದ್ದ ಮರದ ಮೇಲೆ ಕರೆಂಟ್ ತಂತಿ ಇದ್ದರೆ ಮೆಸ್ಕಾಂನವರು ಬರುವ ತನಕ ಹತ್ತಿರವೇ ಹೋಗಬೇಡಿ.

ಸತ್ತ ಅಡಿಕೆ ಮರ, ಬೈನೆ ಮರ ಕೊಯ್ದರೆ ಯಾವ ಚೈನ್ ಆದರೂ ಬೇಗ ಮೊಂಡಾಗುತ್ತದೆ. ಅದಕ್ಕೆ ಹಳೆ ಚೈನ್ ಬೇರೆ ಇಡಿ.

ಕೇಳಿದವರು:

ಬಹಳ ಉಪಕಾರ ಆಯಿತು. ಸ್ಟಿಲ್‌ಗೆ 16 ಇಂಚೇ ಇದೆ, ಸರಿಯಾಗಿ ಹೇಳಿದಿರಿ. ಇನ್ನೊಂದು ಸಂಶಯ. ಈಗ ಬಂಕ್‌ನಲ್ಲಿ ಸಿಗುವುದು 20% ಎಥನಾಲ್ ಪೆಟ್ರೋಲ್. ಎಣ್ಣೆ ಎಷ್ಟು ಹಾಕುತ್ತೀರಿ? ಅಣ್ಣ ಎರಡು ಮಿಷನ್‌ಗೂ ಒಂದೇ ಕ್ಯಾನ್‌ನಿಂದ ಹಾಕುತ್ತಾನೆ.

ತೀರ್ಥಹಳ್ಳಿ ಹತ್ತಿರದ ತೋಟದವರು:

ಸ್ಟಿಲ್‌ನವರ ಎಣ್ಣೆಯೇ ಆದರೆ ಲೀಟರ್‌ಗೆ 20 ಮಿ.ಲೀ. ಸಾಕು, ಅಂದರೆ 50ಕ್ಕೆ 1. ಬೇರೆ ಟೂ ಟಿ ಎಣ್ಣೆ ಆದರೆ 25ಕ್ಕೆ 1, ಲೀಟರ್‌ಗೆ 40 ಮಿ.ಲೀ. ಅಂತ ಅವರ ಪುಸ್ತಕದಲ್ಲೇ ಇದೆ. ಚೈನಾದ್ದರ ಪುಸ್ತಕದಲ್ಲೂ ಸಾಮಾನ್ಯವಾಗಿ 25ಕ್ಕೆ 1 ಅಂತಲೇ ಇರುತ್ತದೆ. ಒಂದೇ ಕ್ಯಾನ್ ಬೇಕು ಅಂದರೆ 25ರದ್ದೇ ಮಾಡಿ. ಸ್ವಲ್ಪ ಹೊಗೆ ಬರುತ್ತದೆ, ಬರಲಿ.

ಎಥನಾಲ್ ವಿಚಾರಕ್ಕೆ ಬಂದರೆ, ಸ್ಕ್ರೂ ಕೈಯಲ್ಲಿ ತಿರುಗಿಸುವ ಕಾರ್ಬೊರೇಟರ್ ಇದ್ದರೆ 10% ಮೀರಿದ ಪೆಟ್ರೋಲ್ ತೊಂದರೆ ಕೊಡಬಹುದು ಅಂತ ಸ್ಟಿಲ್‌ನವರೇ ಬರೆದಿದ್ದಾರೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಎಂಜಿನ್ ಒಣಗಿ ಓಡುತ್ತದೆ. ಸೈಲೆನ್ಸರ್ ಕೊರೆದಿದ್ದೂ ಅದೇ ದಿಕ್ಕಿಗೆ ತಳ್ಳುತ್ತದೆ. ಎರಡೂ ಸೇರಿದರೆ ಎಚ್ ಸ್ಕ್ರೂ ಇನ್ನೂ ಸ್ವಲ್ಪ ಬಿಚ್ಚಬೇಕಾಗುತ್ತದೆ. ಹಳೆ ಪೆಟ್ರೋಲ್‌ಗೆ ಮಾಡಿದ ಟ್ಯೂನ್ ಈಗ ನಂಬಬೇಡಿ, ಮತ್ತೆ ಕಿವಿಗೊಟ್ಟು ಕೇಳಿ. ಇನ್ನು ಎಥನಾಲ್ ನೀರು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಹವೆಯಲ್ಲಿ ಅದಕ್ಕೆ ನೀರಿಗೆ ಬರ ಇಲ್ಲ. ಕ್ಯಾನ್‌ನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಮಿಷನ್ ತಾನೇ ನಿಲ್ಲುವ ತನಕ ಓಡಿಸಿ ಇಡಿ. ಪೈಪ್, ಕಾರ್ಬೊರೇಟರ್‌ನ ರಬ್ಬರ್ ಪರದೆ ಎರಡೂ ಉಳಿಯುತ್ತವೆ.

ಕೇಳಿದವರು:

ಹಾಗಾದರೆ ಮೊದಲು 18 ಇಂಚಿನ ಬಾರ್, ಚೈನ್. ಸೈಲೆನ್ಸರ್‌ಗೆ ಸದ್ಯ ಕೈ ಹಾಕುವುದಿಲ್ಲ. ಪೈಪ್, ರಬ್ಬರ್ ಎಲ್ಲ ಸಾಗರದ ಅಂಗಡಿಗೇ ತಂದು ತೋರಿಸಬಹುದಾ ಸಾರ್? ನಮ್ಮ ಕಡೆ ಇದನ್ನು ಬಿಚ್ಚುವವರು ಇಲ್ಲ.

ಸಾಗರದಲ್ಲಿ ರಿಪೇರಿ ಅಂಗಡಿ ಇಟ್ಟವರು:

ತನ್ನಿ. ಬಾರ್ ಬಿಚ್ಚಿ ಬೇರೆ ಸುತ್ತಿಕೊಂಡು ಬನ್ನಿ, ಹಳೆ ಚೈನ್ ಕೂಡ ಇರಲಿ, ಪಿಚ್, ಗೇಜ್ ನೋಡಿ ಹೊಸದು ಕೊಡಲು ಸುಲಭ. ಬಸ್ಸಲ್ಲಿ ಬರುವುದಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಪೆಟ್ರೋಲ್ ವಾಸನೆ ಬಂದರೆ ಕಂಡಕ್ಟರ್ ಹತ್ತಿಸಿಕೊಳ್ಳುವುದಿಲ್ಲ.